ಅಣ್ಣನ ಮೂರು ಕಾಗದ

ಜೈಲಿನ ಹೊಲಿಗೆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಅವಳನ್ನು ಹೆಂಗಸರ ವಿಭಾಗದಲ್ಲಿ ಎಲ್ಲರೂ ದರ್ಜಿಯಕ್ಕ ಎಂದೇ ಕರೆಯುತ್ತಿದ್ದರು. ಕುಡಿದು ಹೊಡೆಯಲು ಬಂದ ಗಂಡನನ್ನು ತಳ್ಳಿದ್ದಳು. ಮೆಟ್ಟಿಲ ಮೇಲಿಂದ ಉರುಳಿದವನು ಮತ್ತೆ ಏಳಲಿಲ್ಲ. ಆಗ ಮಗಳಿಗೆ ಆರು ವರ್ಷ. ಮಗುವನ್ನು ಅವಳ ಅಣ್ಣ ತನ್ನ ಮನೆಗೆ ಕರೆದುಕೊಂಡು ಹೋದ.

ಐದು ವರ್ಷದಲ್ಲಿ ಅಣ್ಣನಿಂದ ಬಂದದ್ದು ಮೂರೇ ಕಾಗದ. ಅಕ್ಷರ ಬಾರದ ಅವಳಿಗೆ ಅವನ್ನು ಓದಿ ಹೇಳುತ್ತಿದ್ದವಳು ಪಕ್ಕದ ಹಾಸಿಗೆಯ ಮುದುಕಿ. ಎಲ್ಲರ ಕಾಗದ ಓದಿ, ಉತ್ತರವನ್ನೂ ಬರೆದುಕೊಡುತ್ತಿದ್ದುದರಿಂದ ಅವಳಿಗೆ ಪೋಸ್ಟಮ್ಮ ಎಂಬ ಹೆಸರು ಅಂಟಿತ್ತು. "ಮಗಳು ಚೆನ್ನಾಗಿ ಓದ್ತಾಳಂತೆ. ನಿನ್ನ ಹಳೇ ಶಾಲು ಹೊದ್ದುಕೊಂಡೇ ಮಲಗ್ತಾಳಂತೆ" ಎಂದು ಅವಳು ಓದಿದರೆ, ದರ್ಜಿಯಕ್ಕ ಆ ಕಾಗದವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಆರನೇ ವರ್ಷ ಹೊಲಿಗೆ ಶೆಡ್ಡಿನಲ್ಲೇ ಅಕ್ಷರದ ತರಗತಿ ಶುರುವಾಯಿತು. ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೆ ಮೂರು ದಿನ ಬರುತ್ತಿದ್ದರು. ಸ್ಲೇಟು ಸಾಲದೆ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತುಂಡುಬಟ್ಟೆಯ ಮೇಲೆ ಅಕ್ಷರ ತಿದ್ದಿದಳು. ಮಹಾಪ್ರಾಣ ಬಂದಾಗಲಂತೂ ಪ್ರಾಣವೇ ಹೋದಂತಾಗುತ್ತಿತ್ತು.

"ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲಿಯಲ್ವಾ? ಇದೂ ಹಾಗೇ ಕಣಮ್ಮಾ" ಎನ್ನುತ್ತಿದ್ದರು ಮೇಷ್ಟ್ರು.

ಎರಡು ವರ್ಷ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಅಣ್ಣನ ಕಾಗದಗಳನ್ನು ತೆಗೆದು, ಬೆರಳಿಟ್ಟು ತಾನೇ ಓದಿದಳು. 'ಮಗಳಿಗೆ ನೀನು ಸತ್ತೆ ಎಂದು ಹೇಳಿದ್ದೇವೆ. ಇನ್ನು ಬರೆಯಬೇಡ.' ಉಳಿದೆರಡರಲ್ಲೂ ಅದೇ ಮಾತು, ಇನ್ನೂ ಖಾರವಾಗಿ. ಶಾಲಿನ ಸುದ್ದಿ ಎಲ್ಲೂ ಇರಲಿಲ್ಲ. ತಾನೇ ತಪ್ಪಾಗಿ ಓದಿದೆನೇನೋ ಎಂದು ಅಕ್ಷರಗಳನ್ನು ಮತ್ತೆ ಮತ್ತೆ ಕೂಡಿಸಿ ನೋಡಿದಳು.

"ಯಾಕಜ್ಜಿ ಹೀಗೆ ಮಾಡಿದೆ?"

ಪೋಸ್ಟಮ್ಮ ತಲೆ ಎತ್ತಲಿಲ್ಲ. "ಮೊದಲನೇ ಕಾಗದ ಬಿಚ್ಚಿದಾಗ ನಿನ್ನ ಮುಖ ನೋಡಿದೆ ಕಣೇ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆಮೇಲೆ ಹಿಂದಕ್ಕೆ ತಗೊಳ್ಳೋಕಾಗ್ಲಿಲ್ಲ."

ದರ್ಜಿಯಕ್ಕ ಅವಳ ಜೊತೆ ಮಾತು ಬಿಟ್ಟಳು. ಎರಡು ತಿಂಗಳಿಗೆ ಮುದುಕಿಯ ಬಿಡುಗಡೆಯಾಯಿತು. "ಬರ್ತೀನಮ್ಮಾ" ಎಂದು ಪಕ್ಕದಲ್ಲಿ ನಿಂತಾಗಲೂ ಇವಳು ಗೋಡೆಯ ಕಡೆಗಿದ್ದ ಮುಖ ತಿರುಗಿಸಲಿಲ್ಲ. ಆಮೇಲೆ ಆ ಖಾಲಿ ಹಾಸಿಗೆ ಕಂಡಾಗಲೆಲ್ಲ, ತನ್ನ ಮಗಳ ಮಾತಾಡುತ್ತಿದ್ದ ಒಂದೇ ಒಂದು ಜೀವವೂ ಹೊರಟುಹೋಯಿತಲ್ಲ ಎನಿಸುತ್ತಿತ್ತು. ವಿಳಾಸವನ್ನೂ ಕೇಳಿಟ್ಟುಕೊಂಡಿರಲಿಲ್ಲ.

ಜೈಲಿಗೆ ಬಂದ ಹದಿಮೂರು ವರ್ಷಕ್ಕೆ ಅವಳೂ ಹೊರಬಂದಳು. ಮೇಷ್ಟ್ರು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸ ಕೊಡಿಸಿದರು. ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರತೊಡಗಿದಳು. ಮಗಳು ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಾಳೆ ಎಂದು ಮೇಷ್ಟ್ರೇ ವಿಚಾರಿಸಿ ತಿಳಿಸಿದರು. ಮಗಳಿಗೆ ಬರೆದ ನಾಲ್ಕು ಸಾಲಿಗೆ ಮೂರು ಸಂಜೆ ಹಿಡಿಯಿತು: 'ನಾನು ನಿನ್ನ ಅಮ್ಮ. ಸತ್ತಿಲ್ಲ. ಇದನ್ನು ನಾನೇ ಬರೆದಿದ್ದೇನೆ. ಉತ್ತರ ಬೇಡ ಎನಿಸಿದರೆ ಬೇಡ.'

ಐದು ತಿಂಗಳ ಮೇಲೆ ಒಂದು ಕಾರ್ಡು ಬಂತು. 'ನಿಮ್ಮ ಕಾಗದ ಸಿಕ್ಕಿತು. ಬರೆಯುತ್ತಿರಿ. ಇಲ್ಲಿಗೆ ಮಾತ್ರ ಬರಬೇಡಿ.'

ಹೆತ್ತ ಮಗಳ ಬಾಯಲ್ಲಿ 'ನೀವು' ಎನ್ನಿಸಿಕೊಂಡು ಅವಳು ಆ ಕಾರ್ಡನ್ನು ಮತ್ತೊಮ್ಮೆ ಬೆರಳಿಟ್ಟು ಓದಿದಳು. ಮರುದಿನ ಊಟದ ಬಿಡುವಿನಲ್ಲಿ ಅಂಚೆ ಕಚೇರಿಗೆ ಹೋಗಿ ಹತ್ತು ಕಾರ್ಡು ತಂದಳು.