ಸೆರಗಿನ ಗಂಟಿನಲ್ಲಿ ಬಂದ ಮಣ್ಣು

ಮದುವೆಯಾಗಿ ಮೂರು ವರ್ಷವಾದರೂ ನಮ್ಮ ಮಾವ ಮನೆಯೊಳಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಬೇವೂರಿನ ಆ ಮನೆಗೆ ಪಡಸಾಲೆ ಇತ್ತು, ಎರಡು ಕೋಣೆ ಇದ್ದವು. ಅವರ ಕಂಬಳಿ ಮಾತ್ರ ಸದಾ ಹೊಲದ ಬನ್ನಿಗಿಡದ ಕೆಳಗೆ. "ಮ್ಯಾಲ ಜಂತಿ ಕಂಡ್ರ ಉಸರ ಕಟ್ಟತೈತಿ" ಎನ್ನುತ್ತಿದ್ದರು. ನಸುಕಿನಲ್ಲೇ ಎದ್ದು ಬದು ಹಾಕುವುದು, ಕರಿಕೆ ಅಗೆಯುವುದು. ಏನೂ ಕೆಲಸವಿಲ್ಲದಿದ್ದರೆ ಸುಮ್ಮನೆ ಹೊಲ ಸುತ್ತುವುದು. ಹಿಟ್ನಾಳದ ಕಡೆಯ ತವರಿನಲ್ಲಿ ಹೊಳೆಯ ನೀರು ನೋಡಿ ಬೆಳೆದ ನನಗೆ ಆ ಕರಿ ಎರೆ ಮಣ್ಣಿನಲ್ಲಿ ಸುತ್ತುವಂಥದ್ದು ಏನಿದೆಯೋ ತಿಳಿಯುತ್ತಿರಲಿಲ್ಲ.

ಅಂಥವರು ಒಂದು ಮಳೆಗಾಲದಲ್ಲಿ ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡರು. ಆಗ ನಮ್ಮದು ನಿಜಾಮರ ಸೀಮೆ. ಯಲಬುರ್ಗಾದ ದವಾಖಾನೆಗೆ ಹೋಗೋಣವೆಂದರೆ ಒಪ್ಪಲಿಲ್ಲ. ಇರಕಲ್ಲಗಡದಿಂದ ಎಲುಬು ಕೂಡಿಸುವ ಸಾಬರು ಬಂದು ಬಿದಿರಿನ ದಬ್ಬೆ ಕಟ್ಟಿದರು. "ಯಜಮಾನ್ರ, ನಲವತ್ತ ದಿನಾ ಹೊಸ್ತಿಲಾ ದಾಟಬ್ಯಾಡ್ರಿ. ದಾಟಿದ್ರ ನಾ ಹೊಣಿ ಅಲ್ಲ" ಎಂದು ಎಚ್ಚರಿಸಿ ಹೋದರು.

ಗೂಳಿಯನ್ನು ಗೋದಲಿಗೆ ಕಟ್ಟಿದಂತಾಯಿತು. ರೊಟ್ಟಿ ದಪ್ಪವಾಯಿತೆಂದು ಬೈದರು, ನೊಣಕ್ಕೂ ಬೈದರು. ಬಾಗಿಲು ಮುಚ್ಚಿದರೆ ತೆಗೆಯಿರಿ ಎಂದು ಕೂಗುವರು, ತೆಗೆದರೆ ಮೋಡ ಎತ್ತ ಹೊರಟಿದೆ ಎಂದು ಕೇಳುವರು. ಅತ್ತೆ ತೀರಿಕೊಂಡಿದ್ದರು. ಬೈಗುಳವೆಲ್ಲ ನನ್ನ ಪಾಲಿಗೇ.

ಇಷ್ಟರಲ್ಲಿ ಉತ್ತರಿ ಮಳೆ ಹೊಡೆಯಿತು, ಬಿಳಿಜೋಳ ಬಿತ್ತುವ ಮಳೆ. ಎರೆ ಭೂಮಿ ಮಳೆಯಾದ ಕೂಡಲೇ ಕಾಲಿಗೆ ಮೆತ್ತುತ್ತದೆ, ತಡವಾದರೆ ಒಣಗಿ ಬಿರಿಯುತ್ತದೆ. ನಡುವೆ ಬಿತ್ತುವ ಹದ ನಿಲ್ಲುವುದು ನಾಲ್ಕಾರು ದಿನ ಮಾತ್ರ. ಹಿರಿಯರು ಮಣ್ಣು ಹಿಡಿದು ನೋಡಿ ಹೂಂ ಎನ್ನದೆ ನಮ್ಮ ಮನೆಯಲ್ಲಿ ಕೂರಿಗೆ ಹೂಡುತ್ತಿರಲಿಲ್ಲ. ಹಾಗಾಗಿ ಹೊಲಕ್ಕೆ ಬುತ್ತಿ ಒಯ್ದ ನಾನು ಬರುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಬರಬೇಕು. ಮಾವ ಅದನ್ನು ಹಿಚುಕುವರು, ಮೂಸುವರು, ನಾಲಿಗೆಗೂ ಹಚ್ಚುವರು. "ಇನ್ನೂ ಹಸಿ ಐತಿ. ನಾಳಿ ನೋಡೂಣು."

ಮರುದಿನವೂ ಅದೇ ಮಾತು. ಅಕ್ಕಪಕ್ಕದ ಹೊಲದವರು ಬಿತ್ತಲು ಶುರು ಮಾಡಿದ್ದರು. ಮೈದುನ ಕುದಿಯುತ್ತಿದ್ದ. "ಹದ ಬಂದಾಗ ಹರಗು, ಬೆದಿ ಬಂದಾಗ ಬಿತ್ತು ಅಂತ ಕಲಿಸಿದಾವ್ರು ಅವರ. ಈಗ ತಡಿಯಾವ್ರೂ ಅವರ." ಮೂರನೆಯ ದಿನ ಅವನೂ ನನ್ನ ಗಂಡನೂ ಸೇರಿ ಕೂರಿಗೆ ಹೂಡಿಯೇಬಿಟ್ಟರು. ಹಿಂದೆ ನಡೆದು ಕೂರಿಗೆಯ ಬಟ್ಟಲಿಗೆ ಕಾಳು ಬಿಟ್ಟವಳು ನಾನೇ. ನನ್ನ ಗಂಡ ಅಂದರು, "ಅಪ್ಪಗ ಹೇಳಬ್ಯಾಡ. ಮಣ್ಣ ಒಯ್ಯೂದ ಮಾತ್ರ ಬಿಡಬ್ಯಾಡ. ಅಂವ ಹೂಂ ಅಂದ ದಿನಾ ಬಿತ್ತೇವಿ ಅಂದ್ರಾತು."

ಆಮೇಲೆ ದಿನವೂ ಅದೇ ನಾಟಕ. ಬಿತ್ತಿ ಮುಗಿದ ಹೊಲದ ಮಣ್ಣನ್ನು ಅವರ ಮುಂದಿಡುವುದು, ಅವರು ಅಷ್ಟೇ ಭಕ್ತಿಯಿಂದ ಮೂಸುವುದು. ದೂರದಿಂದಲೇ ನನ್ನ ಹೆಜ್ಜೆ ಗುರುತಿಸಿ ಕೈ ಚಾಚಿಕೊಂಡು ಕೂತಿರುತ್ತಿದ್ದರು. ಗಂಡನ ಮೇಲೆ ಸಿಟ್ಟು, ಮಾವನ ಹಟದ ಮೇಲೂ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆಯೇ ನಾಚಿಕೆ. ಹೇಳಿಬಿಡಲೇ ಎಂದು ಬಾಗಿಲವರೆಗೆ ಬಂದು ಎಷ್ಟು ಸಲ ಹಿಂದೆ ಸರಿದೆನೋ. ಮನೆ ನಿಂತಿರುವುದೇ ತಮ್ಮ ಆ ಒಂದು ಹೂಂ ಎಂಬ ಮಾತಿನ ಮೇಲೆ ಎಂದು ಅವರು ನಂಬಿದ್ದರು.

ಬಿತ್ತಿದ ಮೂರನೆಯ ದಿನ ಅವಸರದಲ್ಲಿ ಬದುವಿನ ಪಕ್ಕದಿಂದ ಮಣ್ಣು ಕೆದರಿ ತಂದೆ. ಅಲ್ಲಿ ಕೂರಿಗೆ ಹೊರಳುವಾಗ ನಾಲ್ಕು ಕಾಳು ಹೆಚ್ಚು ಬೀಳುತ್ತವೆ. ನನಗೆ ಅದರ ನೆನಪೇ ಆಗಲಿಲ್ಲ.

ಮಾವ ಮಣ್ಣಿನ ಹೆಂಟೆ ಒಡೆದರು. ಒಳಗೆ ಉಬ್ಬಿದ ಒಂದು ಜೋಳದ ಕಾಳು, ಅದರಿಂದ ಎಳ್ಳಿನಷ್ಟು ಬಿಳಿ ಬೇರು ಹೊರಬಿದ್ದಿತ್ತು. ಅಂಗೈ ಮೇಲಿಟ್ಟುಕೊಂಡು ನೋಡಿದರು. ನಾನು ಕಂಬ ಹಿಡಿದು ನಿಂತೆ.

"ಎಷ್ಟ ದಿನಾತು?"

"ಮೂರ ದಿನಾತ್ರಿ, ಮಾವಾರ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹದ ಛಲೋ ಹಿಡದಾರ" ಎಂದರು. ಕಾಳನ್ನು ಮಣ್ಣಿನೊಂದಿಗೆ ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿ ಮಲಗಿದರು.

ಮರುದಿನವೂ ನಾನು ಮಣ್ಣು ಕಟ್ಟಿಕೊಂಡು ಬಂದೆ. ಯಾಕೆ ತಂದೆನೋ ನನಗೇ ಗೊತ್ತಿಲ್ಲ. ಎದುರಿಗೆ ಕೂತು ಗಂಟು ಬಿಚ್ಚತೊಡಗಿದೆ. ಅವರು ಕೈ ಚಾಚಲಿಲ್ಲ.

"ಇನ್ನ ಯಾಕ ಬಿಡವಾ," ಎಂದರು, "ಸುಮ್ಮನ ಸೀರಿ ಹೊಲಸಾಗತೈತಿ."