ಒಂದೇ ಸಲ ಕೂಗಿದ ಜಯಣ್ಣ

"ಸಾರ್, ನಿನ್ನೆ ಜಯಣ್ಣ ಫೋನ್ ಮಾಡಿದ್ದ," ಎಂದರು ಫೋನಿನಲ್ಲಿ ಹರಿಯಬ್ಬೆಯ ಕರಿಯಪ್ಪ.

ಕುಡಿಯುತ್ತಿದ್ದ ಟೀ ಕೆಳಗಿಟ್ಟೆ. ಜಯಣ್ಣನವರ ಮಣ್ಣಿಗೆ ನಾನೂ ಹೋಗಿದ್ದೆ.

ಹಿರಿಯೂರಿನಲ್ಲಿ ಕುರಿ ಸಾಕುವವರ ಸಣ್ಣ ಸಂಘವೊಂದಿದೆ. ಚಿತ್ರದುರ್ಗದಲ್ಲಿ ಕೂತು ಅದರ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಾನು. ಐಮಂಗಲದಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಹಿಂದಿನ ದಿನ ಎಲ್ಲರ ಮೊಬೈಲಿಗೂ ರೆಕಾರ್ಡ್ ಮಾಡಿದ ಕರೆ ಹೋಗುತ್ತದೆ. ಮೊದಲು ಕಾರ್ಯದರ್ಶಿ ಜಯಣ್ಣನವರ ದನಿ ಇತ್ತು. ಅವರು ತೀರಿಕೊಂಡ ಮೇಲೆ ಈಗಿನ ಕಾರ್ಯದರ್ಶಿ ಸುಧಾ ಮೇಡಂ ದನಿ.

ಕಳೆದ ವಾರ ಡೇಟಾಬೇಸ್ ಡ್ರೈವರ್ ಅಪ್‌ಗ್ರೇಡ್ ಮಾಡಿದೆ. (ಬಸ್ಸಿನ ಡ್ರೈವರ್ ಅಲ್ಲ. ಪ್ರೋಗ್ರಾಮಿನ ಮಾತನ್ನು ಡೇಟಾಬೇಸಿಗೆ ಮುಟ್ಟಿಸುವ ಲೈಬ್ರರಿ.) ಹೊಸದು ಬಂತೆಂದರೆ ಡೇಟಾಬೇಸಿಗೆ ಕೇಳುವ ಹಳೆಯ ಪ್ರಶ್ನೆಗಳನ್ನೆಲ್ಲ, ಅಂದರೆ ಕ್ವೆರಿಗಳನ್ನು, ತಿದ್ದಬೇಕು. ಯಾರೋ ಎಂದೋ ಬರೆದ ಒಂದು ಕ್ವೆರಿ ಕಣ್ತಪ್ಪಿತು. "ಧ್ವನಿ ಕೊಡು" ಎಂದಷ್ಟೇ ಅದು ಕೇಳುತ್ತಿತ್ತು, ಯಾರದ್ದೆಂದು ಹೇಳುತ್ತಿರಲಿಲ್ಲ. ಹಳೆಯ ಡ್ರೈವರ್ ಕೊನೆಗೆ ಸೇರಿದ ಫೈಲ್ ಕೊಡುತ್ತಿತ್ತು. ಹೊಸದು ಮೊದಲನೆಯದನ್ನು ಎತ್ತಿಕೊಟ್ಟಿತು. ಜಯಣ್ಣನವರ ಫೈಲ್ ಅಳಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ ನೋಡಿ.

"ಮತ್ತೆ ಕುರಿ ಹೊಡ್ಕೊಂಡು ಐಮಂಗಲಕ್ಕೆ ಹೋದ್ರಾ?"

"ಎಲ್ಲಿ ಹೋಗಾಣ ಸಾರ್? ಒಂದೇ ಸಲ ಕೂಗವ್ನೆ. ಬದುಕಿರೋರು ಮೂರು ಸಲ ಕೂಗ್ತಾರೆ. ಒಂದೇ ಸಲ ಕೂಗಿದ್ರೆ ಓ ಅನ್ಬಾರ್ದು. ನಮ್ ಹಟ್ಟೀಲಿ ಒಬ್ರೂ ಕದಲಿಲ್ಲ."

ನಗು ಬಂತೇ? ನನಗೂ ಬರುತ್ತಿತ್ತೇನೋ. ಅಷ್ಟರಲ್ಲಿ ಅವರ ದನಿ ಇಳಿಯಿತು.

"ಪಕ್ಕದೂರಾಗೆ ದಿನಾ ಕುರಿ ಬೀಳ್ತಾ ಅವೆ. ಡಾಕ್ಟ್ರು ನಾಳೆ ಇನ್ನೊಂದಿನ ಇರ್ತಾರಂತೆ, ಅಷ್ಟೇ. ತಪ್ಪಿದ್ರೆ ನನ್ ಮಂದೆ ಉಳಿಯಾಕಿಲ್ಲ. ಏನಾರ ಮಾಡ್ರಿ."

ಲ್ಯಾಪ್‌ಟಾಪ್ ತೆರೆದೆ. ತಪ್ಪು ಸಿಕ್ಕಿತು. ಖಚಿತಪಡಿಸಿಕೊಳ್ಳಲು ಆ ಫೈಲನ್ನೊಮ್ಮೆ ಹಾಕಿದೆ.

"ನಾಳೆ ಐಮಂಗಲದಾಗೆ ಲಸಿಕೆ ಐತೆ. ಮರೀಬ್ಯಾಡ್ರಿ, ಬರ್ರಿ."

ಮಾತು ಮುಗಿಯಿತು, ಫೈಲ್ ಮುಗಿಯಲಿಲ್ಲ. ಕೊನೆಯಲ್ಲಿ ಸ್ವಲ್ಪ ಹೊತ್ತು ಬರೀ ಉಸಿರು. ಆಚೆಯವರು ಓ ಎನ್ನಲಿ ಎಂದು ಕಾಯುವ ಹಾಗೆ. ನನ್ನ ಬಾಯಿಗೇ ಬಂದಿತ್ತು, ತಡೆದುಕೊಂಡೆ. ಮಟಮಟ ಮಧ್ಯಾಹ್ನ, ಹೊರಗೆ ಆಟೋಗಳ ಸದ್ದು. ಆದರೂ ಹೆದರಿದೆ ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕ್ವೆರಿ ತಿದ್ದಿದೆ. ಸುಧಾ ಮೇಡಂ ದನಿಯಲ್ಲಿ ಪ್ರತಿಯೊಬ್ಬರಿಗೂ ಮೂರು ಸಲ ಕರೆ ಹೋಗುವಂತೆ ಮಾಡಿದೆ. (ಇಂಥ ನಿಯಮ ಯಾವ ಮ್ಯಾನ್ಯುಯಲ್‌ನಲ್ಲಿ ಇದೆ?) ಮನಸ್ಸು ಗಟ್ಟಿ ಮಾಡಿ ಜಯಣ್ಣನವರ ಫೈಲ್ ಅಳಿಸಿಯೂಬಿಟ್ಟೆ. ಮರುದಿನ ಇಡೀ ಹಟ್ಟಿ ಐಮಂಗಲದಲ್ಲಿತ್ತು. "ಎಲ್ಲಕ್ಕೂ ಸೂಜಿ ಆತು ಸಾರ್," ಎಂದರು ಕರಿಯಪ್ಪ.

ಅಲ್ಲಿಗೆ ಮುಗಿಯಬೇಕಿತ್ತು.

ಇಂದು ಬೆಳಿಗ್ಗೆ ಇದನ್ನು ಬರೆಯಲು ಕೂತರೆ, ಮೊಬೈಲಿನಲ್ಲಿ ಸಂಘದ ನಂಬರಿನಿಂದ ಮಿಸ್ಡ್ ಕಾಲ್. ಸಂಘಕ್ಕೆ ಇಂದು ರಜೆ. ಆ ಡೇಟಾಬೇಸಿನಲ್ಲಿ ನನ್ನ ನಂಬರೇ ಇಲ್ಲ (ನಾನು ಕುರಿ ಸಾಕಿಲ್ಲ). ಮಧ್ಯಾಹ್ನದವರೆಗೂ ಕಾದೆ, ಎರಡನೆಯ ಕರೆ ಬರಲಿಲ್ಲ.

ನೀವಾಗಿದ್ದರೆ ವಾಪಸ್ ಫೋನ್ ಮಾಡುತ್ತಿದ್ದಿರಾ?