ಇಲ್ಲಿ ನಗಿಸಬೇಕು

ಮೊನ್ನೆ ಬ್ಯಾಡಗಿಯಿಂದ ಅಕ್ಕ ಮೆಣಸಿನಕಾಯಿ ಕಳಿಸಿದ್ದಳು. ಸುತ್ತಿದ ಕಾಗದ ಬಿಚ್ಚಿದರೆ ಎರಡೂ ಅಂಚಿಗೆ ಸಾಲಾಗಿ ತೂತು... ಹಳೇ ಪ್ರಿಂಟರಿನ ಕಾಗದ. ಇಂಥದೇ ಕಾಗದದ ಮೇಲೆ ನಮ್ಮ ಪ್ರೋಗ್ರಾಮು ಅಚ್ಚು ಹಾಕಿ ತಿದ್ದುತ್ತಿದ್ದ ಮೇಡಂ ನೆನಪಾದರು. ಕಣ್ಣಲ್ಲಿ ನೀರು ಬಂತು. ಖಾರದ ನೆಪ ಇತ್ತು ಬಿಡ್ರಿ.

ತೊಂಬತ್ತರ ದಶಕದ ಮಾತು. ರಾಣೆಬೆನ್ನೂರಿನ ಕಂಪ್ಯೂಟರ್ ಕ್ಲಾಸಿಗೆ ನಾನು ಬ್ಯಾಡಗಿಯಿಂದ ರೈಲಿನಲ್ಲಿ ಹೋಗುತ್ತಿದ್ದೆ, ಮೇಡಂ ಕುಪ್ಪೇಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಣ್ಣ ದನಿ, ನೆಲ ನೋಡುವ ಕಣ್ಣು. ಆದರೂ ಪಾಠದ ನಡುವೆ ಹೆಂಗೋ ಒಂದು ನಗೆಮಾತು ಹೇಳಿಬಿಡೋರು, ಕ್ಲಾಸೆಲ್ಲ ಗೊಳ್ಳೆನ್ನುತ್ತಿತ್ತು. ಇಷ್ಟು ಹೆದರುಪುಕ್ಕಲಿಗೆ ಅದೆಲ್ಲಿಂದ ಹೊಳೀತಾವಪ್ಪ ಅಂತ ನನಗೆ ಬೆರಗು.

ಆ ವರ್ಷ ಕರ್ನಲ್ ಬಗ್ಗೆ ಪಾಠ. ಕಂಪ್ಯೂಟರಿನ ಒಳಗೆ ಕೂತು ಎಲ್ಲದಕ್ಕೂ ಅಪ್ಪಣೆ ಕೊಡುವ ಮೂಲ ಪ್ರೋಗ್ರಾಮು ಅದು. ಪ್ರತಿ ಫೈಲಿಗೂ ಒಂದು ಪಟ್ಟಿ: ಯಾರು ಓದಬಹುದು, ಯಾರು ತಿದ್ದಬಹುದು. ಆ ಪಟ್ಟಿಯನ್ನು ಯಾರು ಬದಲಿಸಿದರೂ ಕರ್ನಲ್ ಪರೀಕ್ಷೆ ಮಾಡಿಯೇ ಒಪ್ಪಬೇಕು. ಹಾಗೆ ಪರೀಕ್ಷೆ ಮಾಡುವ ಪ್ರೋಗ್ರಾಮು ಬರೆಯುವ ಕೆಲಸ ನನಗೆ ಕೊಟ್ಟರು. ಬರೆದೆ. ಜಂಬವೋ ಜಂಬ! "ಇನ್ನ ಯಾರಪ್ಪನಿಂದನೂ ಒಳಗ ಹೋಗಾಕ ಆಗಂಗಿಲ್ರಿ ಮೇಡಂ," ಅಂದೆ.

"ಹಂಗಾರ ನನ್ನ ಫೈಲೂ ಇದರಾಗ ಇಡ್ತೇನಿ," ಅಂದರು. ನಂಬಿದರು, ಪಾಪ.

ಮರುದಿನ ಅವರ ಬಸ್ಸು ತಡವಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮೇಡಂ ಫೈಲಿನ ಪಟ್ಟಿಗೆ ತನ್ನ ಹೆಸರು ತಾನೇ ಸೇರಿಸಿದ. ಕರ್ನಲ್ ಸುಮ್ಮನೆ ಒಪ್ಪಿತು. ಒಂದೇ ಹೆಸರು ಎರಡು ಸಲ ಬಂದಿದೆಯೇ, ಇಲ್ಲದವರ ಹೆಸರು ಸೇರಿದೆಯೇ, ಎಲ್ಲ ನೋಡಿದ್ದೆ ನಾನು. ಪಟ್ಟಿ ಬದಲಿಸುವವರು ಆ ಫೈಲಿನ ಒಡೆಯರು ಹೌದೋ ಅಲ್ಲವೋ, ಅದೊಂದನ್ನು ನೋಡಿರಲಿಲ್ಲ.

ಫೈಲಿನಲ್ಲಿ ಆವತ್ತಿನ ಪಾಠವಿತ್ತು, ಆಡುವ ಒಂದೊಂದು ಮಾತೂ ಸಹಿತ. ಹುಡುಗ ಜೋರಾಗಿ ಓದಿದ: "ಕರ್ನಲ್ ಅಂದ್ರ ನಮ್ಮ ಅತ್ತಿ ಇದ್ದಂಗ. ಅವರನ್ನ ಕೇಳಲಾರದ ಅಡಗಿಮನಿಗೆ ಬೆಕ್ಕು ಸೈತ ಹೋಗಂಗಿಲ್ಲ. ಇಲ್ಲಿ ನಗಿಸಬೇಕು. ಹಿಂದಿನ ಬೆಂಚ್ ನೋಡಬೇಕು. ಹೆದರಬಾರದು."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ತಪ್ಪು ನನ್ನದು ಅಂತ ಯಾರೂ ನನ್ನ ಕಡೆ ನೋಡಬಾರದಲ್ಲ! ತಿರುಗಿದರೆ ಬಾಗಿಲಲ್ಲಿ ಮೇಡಂ, ಕೈಯಲ್ಲಿನ್ನೂ ಬಸ್ ಟಿಕೆಟ್ಟು. ಛೀ... ಇವತ್ತಿಗೂ ನೆನೆಸಿದರೆ ಮೈಯೆಲ್ಲ ಹಿಡಿಯಾಗುತ್ತದೆ.

ಅವರು ಬೈಯಲಿಲ್ಲ. ನನ್ನ ಪಕ್ಕ ಕೂತು, "ಕೇಳಾಕ ಬಂದವರು ಯಾರು ಅನ್ನೂದನ್ನ ಮೊದಲ ನೋಡಬೇಕವಾ. ಬಾ, ತಿದ್ದೂಣು," ಅಂದರು. ತಿದ್ದಿದೆವು. ಆಮೇಲೆ ಪಾಠ ಶುರುವಾಯಿತು. ಅತ್ತೆಯ ಮಾತು ಬರುವ ಜಾಗ ಬಂತು... ಅದನ್ನು ಬಿಟ್ಟು ಹಾಗೇ ಮುಂದೆ ಹೋದರು. ಕೋರ್ಸು ಮುಗಿಯುವವರೆಗೂ ಮತ್ತೆ ನಮ್ಮನ್ನು ನಗಿಸಲಿಲ್ಲ.

ಕ್ಷಮೆ ಕೇಳಲು ಧೈರ್ಯ ಬರುವಷ್ಟರಲ್ಲಿ ತಲೆ ನರೆತಿತ್ತು. ಹೋದ ವರ್ಷ ಕುಪ್ಪೇಲೂರಿನ ಅವರ ಮನೆ ಹುಡುಕಿಕೊಂಡು ಹೋದೆ. ಮೇಡಂ ತೀರಿಕೊಂಡು ಬಹಳ ದಿನವಾಗಿತ್ತು. ಹೇಳಿದ್ದು ಅವರ ಅತ್ತೆ, ಹಣ್ಣುಹಣ್ಣು ಮುದುಕಿ. ನಾನು ಅವರ ವಿದ್ಯಾರ್ಥಿನಿ ಎಂದು ತಿಳಿದದ್ದೇ ಆಕೆಯ ಮುಖ ಅರಳಿತು.

"ಅಡಗಿಮನ್ಯಾಗ ನನ್ನ ಮುಂದ ನಿಂತು ಪಾಠ ಒಪ್ಪಸ್ತಿದ್ಲು. ನಿಮ್ಮ ಮ್ಯಾಲೂ ಒಂದು ಮಾತು ಹೇಳ್ತೇನ್ರಿ ಅತ್ತಿ, ಅಂದಿದ್ಲು. ನಕ್ಕರೇನವಾ ಎಲ್ಲಾರೂ?"

"ನಕ್ಕರ್ರಿ," ಅಂದೆ. "ಭಾಳ ನಕ್ಕರ್ರಿ."

ಮೆಣಸಿನಕಾಯಿ ಡಬ್ಬಿಗೆ ತುಂಬಿದೆ. ಮೇಡಂ ಇಲ್ಲ, ಇನ್ನು ಯಾರನ್ನು ಕ್ಷಮೆ ಕೇಳಲಿ... ಆ ಮುದುಕಿ ಮಾತ್ರ ಈಗಲೂ ತನ್ನ ಸೊಸೆ ಕ್ಲಾಸನ್ನು ನಗಿಸಿದಳು ಅಂತಲೇ ಅಂದುಕೊಂಡಿದ್ದಾಳೆ.